ಬೆಚ್ಚಗಿನ ನೀರು

"ನರ್ಸಾ? ನಿಮ್ಮಜ್ಜಿ ನರ್ಸಾ? ಯಾವ ಆಸ್ಪತ್ರೆ?"

ಗುಬ್ಬಿಯ ಸ್ಕೆಚ್ ಪೆನ್ ಚಾರ್ಟಿನ ಮೇಲೆ ನಿಂತುಬಿಟ್ಟಿತು. 'ನಮ್ಮ ಮನೆಯ ಗಟ್ಟಿಗಿತ್ತಿ' ಅಂತ ಟೀಚರ್ ಕೊಟ್ಟಿದ್ದ ಪ್ರಾಜೆಕ್ಟ್ ಅದು. ಪಕ್ಕದಲ್ಲಿ ಕೂತಿದ್ದ ಫ್ರೆಂಡ್ ಸೋಡಾಬುಡ್ಡಿ ತನ್ನ ದಪ್ಪ ಕನ್ನಡಕದೊಳಗಿಂದ ಪಿಳಿಪಿಳಿ ನೋಡುತ್ತಿದ್ದಳು.

"ಅದೇ... ದೊಡ್ಡ ಆಸ್ಪತ್ರೆ," ಅಂದಳು ಗುಬ್ಬಿ, ಬಾಯಿಗೆ ಬಂದದ್ದನ್ನು.

"ನಂದು ಮುತ್ತಜ್ಜಿ. ಗಲಾಟೆ ಕಾಲದಲ್ಲಿ ಮೂರು ಮಕ್ಕಳನ್ನ ಕರ್ಕೊಂಡು ಬೆಟ್ಟ ದಾಟಿ ಬಂದ್ರಂತೆ. ನಡ್ಕೊಂಡೇ! ಈಗ ನೋಡು, ಬಾತ್‌ರೂಮಿಗೆ ಹೋಗೋಕೂ ನನ್ನ ಹೆಗಲು ಬೇಕು." ಸೋಡಾಬುಡ್ಡಿ ಕಿಸಕ್ಕನೆ ನಕ್ಕಳು.

ಗುಬ್ಬಿಗೆ ನಗು ಬರಲಿಲ್ಲ. ಅಜ್ಜಿ ನರ್ಸ್ ಅಲ್ಲವೇ ಅಲ್ಲ. ಯಾರ ಮನೆಯಲ್ಲಿ ಹೆಂಗಸರು ತೀರಿಕೊಂಡರೂ ಅಜ್ಜಿಗೆ ಕರೆ ಬರುತ್ತಿತ್ತು. ಅಜ್ಜಿ ಹೋಗಿ ಅವರಿಗೆ ಕೊನೆಯ ಸ್ನಾನ ಮಾಡಿಸಿ, ತಲೆ ಬಾಚಿ, ಒಗೆದ ಬಟ್ಟೆ ಹಾಕಿ, ಪ್ರಾರ್ಥನೆ ಹೇಳಿ ಬರುತ್ತಿದ್ದರು. ಹಳೆಯ ಸ್ಕೂಲಿನಲ್ಲಿ ಇದು ಗೊತ್ತಾದ ಮೇಲೆ ಗುಬ್ಬಿಯ ಟಿಫಿನ್ ಡಬ್ಬಿಗೆ ಯಾರೂ ಕೈ ಹಾಕಿರಲಿಲ್ಲ. ಈ ಸ್ಕೂಲಿನಲ್ಲಿ ಅವಳಿಗಿರುವುದು ಒಬ್ಬಳೇ ಫ್ರೆಂಡ್. ಅವಳನ್ನೂ ಕಳೆದುಕೊಳ್ಳುವುದು ಗುಬ್ಬಿಗೆ ಬೇಡವಾಗಿತ್ತು.

ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಗುಬ್ಬಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತೆರೆದಳು. ಹೊರಗೆ ಸೋಡಾಬುಡ್ಡಿಯ ಅಮ್ಮ, ಪಕ್ಕದಲ್ಲಿ ಸೋಡಾಬುಡ್ಡಿ. ಇಬ್ಬರ ಕಣ್ಣೂ ಕೆಂಪಗಿದ್ದವು.

"ನಮ್ಮಜ್ಜಿ ಹೋಗ್ಬಿಟ್ರು," ಅಂದರು ಆ ಅಮ್ಮ. "ಸ್ನಾನ ಮಾಡ್ಸೋರು ಇಲ್ಲಿದಾರೆ ಅಂತ ಪ್ರಾರ್ಥನೆ ಮನೆಯಲ್ಲಿ ಹೇಳಿದ್ರು..."

ಗುಬ್ಬಿ ಬಾಯಿಂದ ಬ್ರಷ್ ತೆಗೆದಳು. ಸೋಡಾಬುಡ್ಡಿ ಅವಳನ್ನು ನೋಡಿದಳು, ಒಳಗಿನಿಂದ ಬರುತ್ತಿದ್ದ ಅಜ್ಜಿಯನ್ನೂ ನೋಡಿದಳು.

"ಬಂದೆ ಕಣಮ್ಮಾ," ಅಂದರು ಅಜ್ಜಿ. ಜೊತೆಗೆ ಹೋಗುತ್ತಿದ್ದ ಚಿಕ್ಕಮ್ಮನಿಗೆ ಜ್ವರ. "ಗುಬ್ಬಿ, ಬಾಯಿ ತೊಳ್ಕೊ. ಬಾಗಿಲ ತನಕ ನೀರು ತಂದುಕೊಡೋಕೆ ಒಬ್ರು ಬೇಕು."

ಸೋಡಾಬುಡ್ಡಿಯ ಮನೆಯ ಹಾಲ್ ತುಂಬ ಜನ. ದೊಡ್ಡ ದೊಡ್ಡ ಅತ್ತೆಯರೆಲ್ಲ ಗೋಡೆಗೆ ಒರಗಿ ಅಳುತ್ತಿದ್ದರು, ಮುತ್ತಜ್ಜಿಯಿದ್ದ ಕೋಣೆಯೊಳಗೆ ಕಾಲಿಡಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಅಜ್ಜಿ ಬಟ್ಟೆಯ ತೋಳು ಮಡಚಿ ಒಳಗೆ ಹೋದರು. ಗುಬ್ಬಿ ಬೇಗ ಮುಗಿಸಿ ಮನೆಗೆ ಓಡುವ ಆಸೆಯಿಂದ ನಲ್ಲಿಗೆ ಬಕೆಟ್ ಹಿಡಿದು, ತುಂಬಿಸಿ, ಬಾಗಿಲಿಗೆ ತಂದಿಟ್ಟಳು.

ಅಜ್ಜಿ ಬೆರಳು ಅದ್ದಿದರು. "ಇದೇನೇ, ತಣ್ಣೀರು?"

"ಅವರಿಗೆ ಗೊತ್ತಾಗುತ್ತಾ, ಅಜ್ಜಿ?" ಗುಬ್ಬಿ ಪಿಸುಗುಟ್ಟಿದಳು.

"ಅವರಿಗೆ ಗೊತ್ತಾಗುತ್ತೋ ಇಲ್ವೋ, ನನಗೆ ಗೊತ್ತಾಗುತ್ತಲ್ಲ! ಈ ಚಳೀಲಿ ನಿನ್ನ ಮೇಲೆ ಸುರೀಲಾ? ಹೋಗು, ಕಾಯಿಸ್ಕೊಂಡು ಬಾ."

ಅಡುಗೆಮನೆಯಲ್ಲಿ ಸ್ಟೌವಿನ ಪಕ್ಕ ಸೋಡಾಬುಡ್ಡಿ ಕೂತಿದ್ದಳು. ಗುಬ್ಬಿ ತಲೆ ತಗ್ಗಿಸಿಕೊಂಡು ಪಾತ್ರೆ ಇಟ್ಟಳು. ನೀರು ಸದ್ದು ಮಾಡತೊಡಗಿತು.

"ಸುಳ್ಳು ಹೇಳ್ದೆ ನೀನು," ಅಂದಳು ಸೋಡಾಬುಡ್ಡಿ.

"ಹೂಂ."

"ಯಾಕೆ?"

"ಹಳೇ ಸ್ಕೂಲಲ್ಲಿ ಯಾರೂ ನನ್ನ ಡಬ್ಬಿ ಮುಟ್ತಿರ್ಲಿಲ್ಲ."

ಸೋಡಾಬುಡ್ಡಿ ಎದ್ದು ಸ್ಟೌ ಆರಿಸಿದಳು. "ಸಾಕು. ಮುತ್ತಜ್ಜಿಗೆ ತುಂಬಾ ಬಿಸಿ ಆಗಲ್ಲ. ಉಗುರುಬೆಚ್ಚಗೆ ಇರ್ಬೇಕು."

ಇಬ್ಬರೂ ಸೇರಿ ನೀರು ಬೆರೆಸಿದರು. ಬಕೆಟ್ಟಿನ ಹಿಡಿಯನ್ನು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು, ದಾರಿಯುದ್ದಕ್ಕೂ ಚೆಲ್ಲಿಕೊಂಡು ತಂದರು. ಅಜ್ಜಿ ಬೆರಳು ಅದ್ದಿ ನೋಡಿ, ತಲೆಯಾಡಿಸಿ, ಬಕೆಟ್ ಒಳಗೆಳೆದುಕೊಂಡು ಬಾಗಿಲನ್ನು ಮುಂದೆ ಮಾಡಿದರು. ಒಳಗಿನಿಂದ ಅವರ ದನಿ ಕೇಳಿಸಿತು.

"ಈಗ ಕಾಲು ತೊಳೀತೀನಿ ಅಮ್ಮಾ. ಎಷ್ಟು ದೂರ ನಡೆದಿವೆಯೋ ಏನೋ... ಈಗ ಎಡಗೈ ಎತ್ತಲಾ?"

"ಯಾರ ಹತ್ರ ಮಾತಾಡ್ತಿದಾರೆ?"

"ನಿನ್ನ ಮುತ್ತಜ್ಜಿ ಹತ್ರ."

ಸೋಡಾಬುಡ್ಡಿ ಗುಬ್ಬಿಯ ತೋಳು ಹಿಡಿದುಕೊಂಡಳು. "ಎಡಗೈ ನೋವು ಅವರಿಗೆ. ಮೇಲೆ ಎತ್ತೋಕಾಗಲ್ಲ. ಹೇಳೇ!"

"ಅಜ್ಜೀ," ಗುಬ್ಬಿ ಬಾಗಿಲಿಗೆ ಬಾಯಿ ಇಟ್ಟು ಕೂಗಿದಳು, "ಎಡಗೈ ನೋವಂತೆ! ಮೆಲ್ಲಗೆ!"

"ಅಯ್ಯೋ, ಗೊತ್ತಿರಲಿಲ್ಲಮ್ಮಾ," ಅಂದರು ಅಜ್ಜಿ. "ಮೆಲ್ಲಗೆ ಹಿಡೀತೀನಿ."

ಹಾಲ್‌ನಲ್ಲಿ ಅಳು ನಿಂತುಹೋಯಿತು. ಸೋಡಾಬುಡ್ಡಿಯ ಅಮ್ಮ ಕಣ್ಣೊರೆಸಿಕೊಂಡು ಎದ್ದರು, ಬಾಚಣಿಗೆ ಹುಡುಕಿ ತೆಗೆದುಕೊಂಡು ಕೋಣೆಯೊಳಗೆ ಹೋದರು. ಅವರ ಹಿಂದೆ ಒಬ್ಬ ಅತ್ತೆಯೂ ಹೋದರು.

ಉಳಿದವರಲ್ಲಿ ಒಬ್ಬರು ಗುಬ್ಬಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಯಾರ ಮನೆಯವಳಮ್ಮಾ?"

ಎಲ್ಲರೂ ತಿರುಗಿದರು. ಅವರಲ್ಲಿ ಗುಬ್ಬಿಯ ಹೊಸ ಸ್ಕೂಲಿನ ಇಬ್ಬರು ಮಕ್ಕಳೂ ಇದ್ದರು. ಗುಬ್ಬಿಯ ಕೆನ್ನೆ ಬಿಸಿಯಾಯಿತು. ಸೋಡಾಬುಡ್ಡಿ ಅವಳ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

"ಒಳಗೆ ಸ್ನಾನ ಮಾಡಿಸ್ತಿದಾರಲ್ಲ," ಅಂದಳು ಗುಬ್ಬಿ, ಎಲ್ಲರಿಗೂ ಕೇಳುವ ಹಾಗೆ, "ಅವರ ಮೊಮ್ಮಗಳು."