ಎಡಗೆನ್ನೆಗೆ ಬಿದ್ದ ಏಟು

ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದಾರೆ. ನನ್ನ ಮಾತು ಎಲ್ಲಾದರೂ ತಪ್ಪಿದರೆ ಓದುಗರು ಮನ್ನಿಸಬೇಕು. ಆದರೂ ಹೇಳದೆ ಇರಲಾರೆ.

ಛಟೀರ್!

ನಟಿ ವೆರ್ನಾಳ ಅಂಗೈ ಹಾಸ್ಯನಟ ಎಮೆಟ್‌ನ ಎಡಗೆನ್ನೆಗೆ ಬಡಿಯಿತು. ಅವನು ತತ್ತರಿಸಿ, ಸುಲ್ತಾನನ ಅರಮನೆಯೆಂದು ಕಟ್ಟಿದ್ದ ಸೆಟ್‌ನ ಕಾರಂಜಿಯೊಳಗೆ ಬೋರಲು ಬಿದ್ದ. ಹಾಲಿವುಡ್‌ನ ಆ ಸ್ಟುಡಿಯೋ ಇಡೀ ಹೊಟ್ಟೆ ಹಿಡಿದು ನಕ್ಕಿತು.

"ಭೇಷ್! ಇದನ್ನೇ ಇಟ್ಕೊಳ್ಳೋಣ!" ನಿರ್ದೇಶಕ ಹಾರ್ಗನ್ ಕೂಗಿದ.

ವೆರ್ನಾ ನಗಲಿಲ್ಲ. ಏಟು ನಿಜವಾಗಿ ಬಿದ್ದಿತ್ತು! ನಗೆಚಿತ್ರದಲ್ಲಿ ಹೊಡೆಯುವ ಕೈ ಕೆನ್ನೆಗೆ ತಾಗಬಾರದು. ಕೈ ಬರುವುದನ್ನು ನೋಡಿ ಹೊಡೆಸಿಕೊಳ್ಳುವವನೇ ಮುಖ ತಿರುಗಿಸಬೇಕು. ಇಷ್ಟು ವರ್ಷ ಬಿದ್ದೆದ್ದವನಿಗೆ ಅದು ಗೊತ್ತಿಲ್ಲವೇ?

"ಯಾಕ್ರೀ ಮುಖ ತಿರುಗಿಸ್ಲಿಲ್ಲ?"

"ನಿಮ್ಮ ಕೈ ಅಷ್ಟು ಚೆಂದ ಇತ್ತು, ಮರ್ತೇಹೋಯ್ತು."

ಎಂಥ ಜಂಬ! ನಗೆ ಗಿಟ್ಟಿಸೋಕೆ ನನ್ನ ಕೈಯನ್ನೇ ಬಳಸಿಕೊಂಡನಲ್ಲ...

ಮರುದಿನ ಅವಳು ಅವನ ಎಡಪಕ್ಕದಲ್ಲೇ ಹಾದು ಕೈ ಬೀಸಿದರೂ ಅವನು ತಿರುಗಿ ನೋಡಲಿಲ್ಲ. ಅವಳಿಗೆ ಅಳು ಬಂತು. ಸಿಟ್ಟೋ, ಇನ್ನೇನೋ...

ಊಟದ ಹೊತ್ತಿಗೆ ಮನಸ್ಸು ತಡೆಯದೆ ಅವನ ಎಡ ಮೊಣಕೈ ಬಳಿ ಕಾಫಿ ಇಟ್ಟಳು. ಮೊಣಕೈ ತಗುಲಿ ಬಿಸಿ ಕಾಫಿ ಅವನ ಮಡಿಲಿಗೇ ಚೆಲ್ಲಿತು. ಎಲ್ಲರೂ ಗೊಳ್ಳೆಂದರು. ಅವನ ಮುಖದಲ್ಲಿದ್ದದ್ದು ಮಾತ್ರ ಭಯ.

ವೆರ್ನಾ ಅವನ ಎಡಗೆನ್ನೆಯ ಬಳಿ ಮೆಲ್ಲಗೆ ಕೈ ತಂದಳು. ರೆಪ್ಪೆ ಅಲುಗಲಿಲ್ಲ.

"ಎಮೆಟ್... ಆ ಕಣ್ಣು ಕಾಣ್ಸಲ್ವಾ?"

ಅವನು ಅವಳನ್ನು ಬಟ್ಟೆಗೆ ಬಣ್ಣ ಬಳಿದು ಮಾಡಿದ್ದ ಮರಳುದಿಬ್ಬದ ಹಿಂದಕ್ಕೆ ಎಳೆದೊಯ್ದ.

"ಮೆಲ್ಲಗೆ ಮಾತಾಡಿ! ಹೋದ ಚಳಿಗಾಲದಿಂದ ಹೀಗೇ."

"ಮಧ್ಯಾಹ್ನ ಗೋಡೆಯಿಂದ ಓಡೋ ಗಾಡಿಗೆ ಹಾರ್ಬೇಕಲ್ರೀ! ಅದು ಬರೋದೇ ಎಡಗಡೆಯಿಂದ!"

"ಚಕ್ರದ ಸದ್ದು ಕೇಳ್ಸುತ್ತೆ."

"ಮರಳಲ್ಲಿ ಎಂಥ ಸದ್ದು?"

ಅವನು ತಲೆ ತಗ್ಗಿಸಿದ. "ಬೀಳೋದು ಬಿಟ್ರೆ ನಂಗೇನೂ ಬರಲ್ಲ, ವೆರ್ನಾ. ಗೊತ್ತಾದ್ರೆ ಯಾವ ಸ್ಟುಡಿಯೋದವ್ರೂ ಒಳಗೆ ಬಿಡಲ್ಲ. ನಿಮ್ಮ ದಮ್ಮಯ್ಯ, ಹೇಳ್ಬೇಡಿ!"

ಅವಳು ಹೋಗಿ ಹಾರ್ಗನ್‌ಗೆ ಹೇಳಿದಳು.

"ಒಕ್ಕಣ್ಣನನ್ನ ಹಾರಿಸಿ ನಾನು ಹೆಣ ಹೊರಲಾ?" ಹಾರ್ಗನ್ ಸಿಡಿದ. ಮಧ್ಯಾಹ್ನ ಎಮೆಟ್‌ನ ದೊಗಳೆ ಪೈಜಾಮ ತೊಟ್ಟು ಬೇರೊಬ್ಬ ನಟ ಗೋಡೆ ಹತ್ತಿದ್ದ.

ಸಂಜೆ ಗೇಟಿನ ಹೊರಗೆ ಎಮೆಟ್ ಒಬ್ಬನೇ ನಿಂತಿದ್ದ. ವೆರ್ನಾ ಅವನ ಬಲಗಡೆಗೆ ಬಂದು ನಿಂತಳು.

"ನೀನೇ ಹೇಳಿದ್ದಾ?"

"ಹೂಂ."

"ನನ್ನ ಹೊಟ್ಟೆ ಮೇಲೆ ಹೊಡ್ದೆ."

"ಹೊಡ್ದೆ. ಬೈಯಿ, ಜನ್ಮಪೂರ್ತಿ ಬೈತಾ ಇರು... ಆದ್ರೆ ಬೈಯೋಕೆ ನೀನು ಬದುಕಿರ್ಬೇಕಲ್ಲ! ನೀನಿಲ್ದೆ ನಂಗಾಗಲ್ಲ, ಎಮೆಟ್!"

ಅವನು ರಸ್ತೆಯತ್ತ ತಿರುಗಿ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಕ್ಕೆ ತೆಗೆದ. ರಸ್ತೆಯಲ್ಲಿ ಕಾರುಗಳು ಒಂದರ ಹಿಂದೊಂದು ಹರಿಯುತ್ತಿದ್ದವು. ದಾಟಲು ಅವನು ಹೆದರುತ್ತಿದ್ದಾನೆಂದು ಅವಳಿಗೆ ಆಗ ಹೊಳೆಯಿತು.

"ವೆರ್ನಾ..."

"ಹೇಳು."

"ಈ ಕಡೆ ಯಾಕೆ ನಿಂತೆ? ಎಡಗಡೆ ಬಾ. ಅಲ್ಲಿ ನಂಗೆ ಯಾರೂ ಇಲ್ಲ."

ಅವಳು ಬಂದು ಅವನ ಎಡಗೈ ಹಿಡಿದಳು.

ಅವನ ಇನ್ನೊಂದು ಕಣ್ಣಾದರೂ ಉಳಿಯಿತೋ ಇಲ್ಲವೋ, ಇಬ್ಬರೂ ಮುಂದೆ ಹೇಗೆ ಬದುಕಿದರೋ ನನಗೆ ತಿಳಿಯದು.