ಸುಣ್ಣದ ಗುರುತಿನ ಕಲ್ಲು

ಮೊದಲ ಭೇಟಿಯಲ್ಲೇ ಶಹರಬಾನು ಅವನ ಹಣೆ ಒಡೆದಳು.

ಅಂಗೈಯಗಲದ ಕೆಂಪು ಕಲ್ಲು, ಗುರಿ ತಪ್ಪಲಿಲ್ಲ. ಒಳಗಿನ ಗೋಡೆಯ ಮುಂದೆ ಸುಣ್ಣದ ಗಡಿಗೆ ಹಿಡಿದು ನಿಂತಿದ್ದ ಗಂಡಸು ಜೋಲಿ ಹೊಡೆದ. ಹುಬ್ಬಿನ ಮೇಲಿಂದ ರಕ್ತ ಗಡ್ಡದವರೆಗೂ ಇಳಿಯಿತು.

ಅವಳ ಕೈಯಲ್ಲಿ ಆಗಲೇ ಎರಡನೇ ಕಲ್ಲಿತ್ತು.

"ನಮ್ಮ ಅಜ್ಜನ ಮನಿ ಕೆಡವಾಕ ಬಂದೀಯೇನು?"

ಕೇಳುವುದಕ್ಕೆ ಕಾರಣವಿತ್ತು. ಹುನಗುಂದದ ಹತ್ತಿರದ ಆ ಹಳ್ಳಿಯನ್ನು ಪ್ಲೇಗು ಬಂದ ವರ್ಷ ಜನ ಬಿಟ್ಟು, ಮೇಲಿನ ದಿನ್ನೆಯಲ್ಲಿ ನೆಲೆಸಿದ್ದರು. ಅವಳ ಅಪ್ಪ, ಅವ್ವ ಇದೇ ಮನೆಯಲ್ಲಿ ಒಂದೇ ವಾರದಲ್ಲಿ ತೀರಿಕೊಂಡಿದ್ದರು. ಎಂಟು ವರ್ಷದಿಂದ ಬೀಗ, ಒಳಗೆ ಇಳಿಯಲು ಹಿತ್ತಲ ಕಿಂಡಿಯೊಂದೇ ದಾರಿ. ಸುತ್ತಲಿನ ಮಣ್ಣಿನ ಗೋಡೆಗಳೆಲ್ಲ ಕರಗಿ ಹೋದರೂ ಈ ಕಲ್ಲಿನ ಮನೆ ಅಲುಗಿರಲಿಲ್ಲ. ಅವ್ವ ದೀಪ ಇಡುತ್ತಿದ್ದ ಗೂಡಿನಲ್ಲಿ ಇನ್ನೂ ಮಸಿ ಇತ್ತು. ಅವಳ ಪಾಲಿಗೆ ಅವ್ವ ಅಂತ ಉಳಿದದ್ದು ಅಷ್ಟೇ.

ಇಳಕಲ್ಲಿನ ಖಣಿ ನೋಡಿ ಬೆಳೆದವರಿಗೆ ಸುಣ್ಣದ ಗುರುತು ಅಂದರೆ ಒಂದೇ ಅರ್ಥ... ಈ ಕಲ್ಲು ಆರಿಸಿದ್ದಾಗಿದೆ, ಎತ್ತಿ ಬಂಡಿಗೆ ಹಾಕಿ. ಇವನು ಆರು ಕಲ್ಲಿಗೆ ಸುಣ್ಣ ಬಳಿದಿದ್ದ!

ಅವನು ರುಮಾಲಿನಿಂದ ಹಣೆ ಒತ್ತಿಕೊಂಡು, ತಾನು ಮನೆ ಕಟ್ಟುವ ಗೌಂಡಿ, ಬಾದಾಮಿಯ ಮುರ್ತುಜಸಾಬ ಎಂದ.

"ಬಿಳಿ ಗುರುತಿನ ಕಲ್ಲು ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ."

ಏನು ಸೊಕ್ಕು! ಚಲೋ ಕಲ್ಲೆಲ್ಲ ತನಗೆ ಮೀಸಲಿಟ್ಟು, ಕಾವಲಿಗೆ ನನ್ನನ್ನೇ ನಿಲ್ಲಿಸುತ್ತಾನಲ್ಲ... ಎಂದುಕೊಂಡವಳು ಎರಡನೆಯದನ್ನೂ ಬೀಸಿದಳು. ಅದು ಭುಜಕ್ಕೆ ಬಿತ್ತು. ಅವನು ಗಡಿಗೆ ಅಲ್ಲೇ ಬಿಟ್ಟು ನಡೆದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಿಟ್ಟು ಬಂದವರ ಬಾಯಿ ಸುಮ್ಮನಿರುತ್ತದೆಯೇ? ಸಾಕಿ ಬೆಳೆಸಿದ ಕಾಕಾ ಜಾಫರಸಾಬನ ಮುಂದೆ ಎಲ್ಲವನ್ನೂ ಕಾರಿದಳು. ಜಾಫರಸಾಬ ನಕ್ಕ. ಇಳಕಲ್ಲಿನಲ್ಲಿ ಹೊಸ ಮನೆ ಕಟ್ಟುವುದಕ್ಕೆ ಅವನಿಗೆ ಈ ಕಲ್ಲೇ ಬೇಕಿತ್ತು. ಯಾರೋ ಪುಕ್ಕಟೆಯಾಗಿ ಆರಿಸಿಟ್ಟಿದ್ದರೆ ಒಳ್ಳೆಯದೇ ಆಯಿತು, ಖಣಿಯ ಆಳುಗಳನ್ನು ಕರೆದು ನಾಳೆಯೇ ಬಂಡಿ ಕಟ್ಟುತ್ತೇನೆ ಎಂದ. ಅವಳು ಕಾಲು ಹಿಡಿದಳು. ಅವನು ಕೆನ್ನೆಗೆ ಬಾರಿಸಿ ಎದ್ದು ಹೋದ.

ಬೆಳಗ್ಗೆ ಅವಳು ಓಡಿ ಬಂದಾಗ ಹೊಡೆದಾಟ ನಡೆದಿತ್ತು.

ಹೊಸ್ತಿಲ ಮೇಲೆ ಅದೇ ಗೌಂಡಿ! ಹಣೆಗೆ ಪಟ್ಟಿ, ಎರಡೂ ಕೈ ಬಾಗಿಲ ಚೌಕಟ್ಟಿಗೆ. ಖಣಿಯ ಆಳುಗಳ ಬಡಿಗೆಗಳು ಅವನ ಪಕ್ಕೆಗೆ ಬೀಳುತ್ತಿದ್ದವು. ಬಿದ್ದ, ಎದ್ದ, ಮತ್ತೆ ಬಿದ್ದ. ಕೊನೆಗೆ ಅವರು ಅವನನ್ನು ತುಳಿದುಕೊಂಡೇ ಒಳಗೆ ನುಗ್ಗಿದರು.

"ನೀವ್ಯಾಕ ಸಾಯಾಕತ್ತೀರಿ?" ಅವಳು ಅವನ ಪಕ್ಕದಲ್ಲಿ ಕುಸಿದು ಕೂತಳು.

ಅವನು ಬಾಯಲ್ಲಿದ್ದ ರಕ್ತ ಉಗುಳಿದ.

"ಈ ಮನಿ ನಮ್ಮ ಮುತ್ಯಾ ಕಟ್ಟಿದ್ದು. ಗಾರಿ ಇಲ್ಲ, ಕಲ್ಲಿನ ಮ್ಯಾಲೆ ಕಲ್ಲು ಅಷ್ಟ. ಕೆಲಸ ಕಲೀಬೇಕಂದ್ರ ಮೊದಲ ಅದನ್ನ ನೋಡಿ ಬಾ ಅಂತಿದ್ದ. ಇದನ್ನ ಒಡೀತಾರ ಅಂತ ಕೇಳಿ ಬಂದೆ. ನಮ್ಮ ಗೌಂಡ್ಯಾರ ಗುರುತು ತಗೀಲಿಕ್ಕಲ್ಲರಿ... ಆ ಆರು ಕಲ್ಲು ಮಾಳಗಿ ಹೊತ್ತಾವು. ಒಂದು ತಗದ್ರ ಮನಿ ಬೀಳತೈತಿ."

ಅಯ್ಯೋ... ಕಾಯುವವನ ತಲೆ ಒಡೆದು, ಕೆಡಹುವವನಿಗೆ ದಾರಿ ತೋರಿಸಿದವಳು ನಾನೇ!

ಒಳಗೆ ಜಾಫರಸಾಬ ಗುರುತು ತೋರಿಸುತ್ತಿದ್ದ. ಆಳುಗಳ ಮುಖ್ಯಸ್ಥ ಪಾಂಡಪ್ಪ ಮೊದಲ ಬಿಳಿ ಕಲ್ಲಿನ ಸಂದಿಗೆ ಹಾರೆ ತೂರಿಸಿದ್ದ. ಶಹರಬಾನು ಬಂಡಿಯಲ್ಲಿದ್ದ ಕೊಡಲಿ ಕಿತ್ತುಕೊಂಡು ಓಡಿದಳು.

"ಕೈಯಾಗಿನ ಹಾರಿ ಬಿಡು. ಇಲ್ಲಂದ್ರ ಕೈ ಕಡೀತೇನಿ."

ಅವನು ಬಿಡಲಿಲ್ಲ, ಅವಳು ಬೀಸಿದಳು. ಪಾಂಡಪ್ಪನ ಮುಂಗೈ ಸೀಳಿ ರಕ್ತ ಚಿಮ್ಮಿತು. ಆದರೆ ಕಲ್ಲು ಆಗಲೇ ಜಾರಿತ್ತು.

ಗೋಡೆ ನರಳಿತು. ಆಳುಗಳು ಚೆಲ್ಲಾಪಿಲ್ಲಿಯಾದರು. ಮೇಲಿನ ತೊಲೆ ಮುರಿದು ಜಾಫರಸಾಬನ ಕಾಲಿನ ಮೇಲೆ ಬಿತ್ತು. ಮುರ್ತುಜಸಾಬ ತೆವಳಿಕೊಂಡೇ ಬಂದು, ತೊಲೆಗೆ ಭುಜ ಕೊಟ್ಟು ಎತ್ತಿ, ಅವನನ್ನು ಹೊರಗೆ ತಳ್ಳಿದ. ಅಷ್ಟರಲ್ಲಿ ಗೋಡೆ ಕುಸಿಯಿತು. ಮುರ್ತುಜಸಾಬನ ಬಲಗೈ ಕಲ್ಲುಗಳ ಕೆಳಗೆ ಸಿಕ್ಕಿತು. ಎಲುಬು ಮುರಿದ ಸದ್ದು ಅವಳಿಗೆ ಕೇಳಿಸಿತು. ಅವಳು ಉಗುರು ಕಿತ್ತು ಬರುವವರೆಗೂ ಕಲ್ಲು ಸರಿಸಿದಳು.

ಅವನು ಬದುಕಿದ, ಎರಡು ಬೆರಳು ಹೋದವು.

ಮೂರು ತಿಂಗಳಿಗೆ ಜಾಫರಸಾಬ ಕೋಲೂರಿಕೊಂಡು ಬಂದು ಬೀಗದ ಕೈಯನ್ನು ಅವಳ ಉಡಿಗೆ ಹಾಕಿದ. ಒಂದು ಗೋಡೆ ಬಿದ್ದಿತ್ತು, ಐದು ಗುರುತಿನ ಕಲ್ಲು ನಿಂತಿದ್ದವು. ದೀಪದ ಗೂಡೂ ಉಳಿದಿತ್ತು. ಅಷ್ಟು ದಿನ ಅವನ ಗಾಯ ಕಟ್ಟಿದ ಶಹರಬಾನುವೇ ಕಲ್ಲು ಎತ್ತಿಕೊಟ್ಟಳು, ಮುರ್ತುಜಸಾಬ ಎಡಗೈಯಿಂದಲೇ ಬಿದ್ದ ಗೋಡೆ ಎಬ್ಬಿಸಿದ. ಕೊನೆಯ ಕಲ್ಲು ಕೂತ ದಿನ ಗಂಟು ಕಟ್ಟಿ ಹೊರಟು ನಿಂತ.

ಅವಳು ಬಾಗಿಲಿಗೆ ಅಡ್ಡ ಬಂದಳು. "ಎಲ್ಲಿಗೆ?"

"ಬಾದಾಮಿಗೆ. ಕೈ ಇಲ್ಲದ ಗೌಂಡಿ ನಾ, ಬಾನು. ನಿನಗ ಯಾವ ಸುಖ ಕೊಡಲಿ? ಬ್ಯಾರೆ ಚಲೋ ಮನಿ ನೋಡಿ ಸೇರು."

ಅವಳು ಗಡಿಗೆಯ ಸುಣ್ಣದಲ್ಲಿ ಬೆರಳದ್ದಿ, ಮುರಿದ ಆ ಕೈಯನ್ನು ಎಳೆದುಕೊಂಡು, ಅದರ ಮೇಲೊಂದು ಬಿಳಿ ಗೆರೆ ಎಳೆದಳು.

ಅವನು ಕೈಯನ್ನೇ ನೋಡುತ್ತ ನಿಂತ. ಗಂಟು ಜಾರಿ ಕೆಳಗೆ ಬಿತ್ತು.

"ಇದು ಯಾರ ಗುರುತು? ಖಣಿಯವರದೋ, ಗೌಂಡ್ಯಾರದೋ?"

"ಗೌಂಡ್ಯಾರದು" ಎಂದಳು, ಕಣ್ಣೀರು ಒರೆಸಿಕೊಳ್ಳದೆ. "ತಗದ್ರ ನನ್ನ ಮನಿ ಬೀಳತೈತಿ."