ಎಡಗಡೆಯ ಗಾಜು

ನಲ್ಲಂಪಳ್ಳಿಯಿಂದ ಸೇಲಂಗೆ ನಾನು ದಿನಾ ಓಡಿಸುವ ಹಳೇ ಕಾರು ಮೂರು ಲಕ್ಷ ಕಿಲೋಮೀಟರ್ ದಾಟಿದೆ. ಎಡಗಡೆಯ ಗಾಜು ಇಳಿಸುವ ಹ್ಯಾಂಡಲ್ ಎಂದೋ ಕಿತ್ತುಬಂದಿತ್ತು. ನನ್ನ ಹೆಂಡತಿ ಮೇನಕಾ ಅದನ್ನು ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದಳು. ತೊಪ್ಪೂರು ಘಾಟಿಯಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. "ವಸಿ ಗಾಳಿ ಬರ್ಲಿ" ಎನ್ನುತ್ತ ಹ್ಯಾಂಡಲ್ ಸಿಕ್ಕಿಸಿ ನಾಲ್ಕು ಬೆರಳಷ್ಟು ಗಾಜು ಇಳಿಸುವಳು.

ಅವಳನ್ನು ಮಣ್ಣು ಮಾಡುವಾಗ ಆ ಚೀಲವನ್ನೂ ಜೊತೆಗಿಟ್ಟೆವು. ಹ್ಯಾಂಡಲ್ ಅದರಲ್ಲೇ ಹೋಯಿತೆಂದು ನೆನಪಾದದ್ದು ಹಾಲುತುಪ್ಪ ಬಿಟ್ಟು ಬಂದ ಮೇಲೆ.

ಈಗ ಒಬ್ಬನೇ ಹೋಗುವಾಗಲೂ, ಹಾಡಹಗಲಲ್ಲೇ, ಘಾಟಿ ಬಂದರೆ ಆ ಗಾಜು ನಾಲ್ಕು ಬೆರಳು ಇಳಿಯುತ್ತದೆ.

ಮೆಕ್ಯಾನಿಕ್ ವೇಣು ನಕ್ಕ. "ಅಳೇ ಗಾಡಿ ಅಣ್ಣಾ, ಕುಲುಕಾಟಕ್ಕೆ ಇಳೀತೈತೆ. ಬೇರೆ ಆಂಡಲ್ ಆಕ್ಕೊಡ್ಲಾ?"

ಬೇಡವೆಂದೆ. ಘಾಟಿ ಮುಗಿದ ಕೂಡಲೇ ಅದು ಮತ್ತೆ ಮೇಲೇರುತ್ತದೆಂದು ಅವನಿಗೆ ಹೇಳಲಿಲ್ಲ.